ಒಳಮನೆಯ ಬೆಳಕು, ಮಳೆಗಾಲದ ಬಣ್ಣ



ಕಾವ್ಯಕ್ಕೂ ಸಂಗೀತಕ್ಕೂ ಶಿಲ್ಪಕ್ಕೂ ನಮ್ಮಲ್ಲಿ ರಸವಿಚಾರದ ಪರಂಪರೆ ಉಂಟು. ಛಾಯಾಚಿತ್ರವನ್ನು ಮಾತ್ರ ನಾವು ಮದುವೆಯ ಆಲ್ಬಮ್ಮಿನಲ್ಲಿಯೋ ವರ್ತಮಾನಪತ್ರಿಕೆಯ ಮೊದಲ ಪುಟದಲ್ಲಿಯೋ ಕಂಡು, ಇದು ಯಾರು, ಇದು ಎಲ್ಲಿ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತೊಡನೆ ಪುಟ ತಿರುವಿಬಿಡುತ್ತೇವೆ. ಬೆಳಕು ಎತ್ತಣಿಂದ ಬಂದಿತು, ಯಾವುದರ ಮೇಲೆ ತಂಗಿತು, ಎಲ್ಲಿ ಹಿಂಜರಿಯಿತು ಎಂದು ವಿಚಾರಿಸುವವರು ವಿರಳ. ಕವಿತೆಯನ್ನೋದಿ ಅದರ ಅರ್ಥವನ್ನಷ್ಟೇ ಗ್ರಹಿಸಿ ಛಂದಸ್ಸಿಗೆ ಕಿವಿಗೊಡದವನಿಗೆ ಎಷ್ಟು ನಷ್ಟವೋ, ಚಿತ್ರದ ಬೆಳಕನ್ನು ವಿಚಾರಿಸದೆ ಅದರೊಳಗಿನ ವಸ್ತುವನ್ನಷ್ಟೇ ಗುರುತಿಸಿ ಹೊರಡುವವನಿಗೂ ಅಷ್ಟೇ ನಷ್ಟ. ಈ ದತ್ತಿಯ ಆಶ್ರಯದಲ್ಲಿ ಸಹಜವಾದ ಬೆಳಕನ್ನೂ ಮಂದವಾದ ವರ್ಣಗಳನ್ನೂ ಕುರಿತು ಮಾತನಾಡಲು ನಾನು ಒಪ್ಪಿಕೊಂಡುದು ಆ ನಷ್ಟವನ್ನು ಕಿಂಚಿತ್ತಾದರೂ ತುಂಬಬಹುದೆಂಬ ಆಸೆಯಿಂದ. ಮತ್ತು ಈ ವಿಷಯವನ್ನು ಚರ್ಚಿಸಲು ಕಾಳೀ ನದಿಯ ಈ ಸೀಮೆಗಿಂತ ತಕ್ಕ ನೆಲ ಕರ್ನಾಟಕದಲ್ಲಿ ಬೇರೊಂದಿಲ್ಲವೆಂಬ ನಂಬಿಕೆಯಿಂದ.

ನನ್ನ ಮಾತಿಗೆ ಆಧಾರವಾಗಿ ನಾನು ಆರಿಸಿಕೊಂಡಿರುವ ಕಲಾವಿದರು ಟಿ. ಎಸ್. ನಾಗರಾಜನ್. 1932ರಲ್ಲಿ ಹುಟ್ಟಿದ ಮೈಸೂರಿನವರು. 'ಡೆಕ್ಕನ್ ಹೆರಾಲ್ಡ್' ಪತ್ರಿಕೆ 1948ರಲ್ಲಿ ಆರಂಭವಾದಾಗ ಅದರ ಛಾಯಾಗ್ರಾಹಕರಾಗಿ ಸೇರಿ ಮುಂದೆ ಲೋಕವಿಖ್ಯಾತರಾದ, 1977ರಲ್ಲಿ ಪದ್ಮಶ್ರೀ ಪಡೆದ ಟಿ. ಎಸ್. ಸತ್ಯನ್ ಅವರ ತಮ್ಮ. ಅಣ್ಣನ ಹೆಸರು ಕನ್ನಡಿಗರಿಗೆ ಚಿರಪರಿಚಿತ. ತಮ್ಮನ ಹೆಸರನ್ನು ನಾವು ಅಷ್ಟಾಗಿ ಉಚ್ಚರಿಸುವುದಿಲ್ಲ. ಸತ್ಯನ್ ಅವರದು ಬೀದಿಯ ಕಣ್ಣು: ಆಡುವ ಮಗು, ನಗುವ ಮುದುಕಿ, ಸಂತೆಯ ಗದ್ದಲ, ಮನುಷ್ಯಮಾತ್ರರ ಮೇಲೆ ಅವರಿಗಿದ್ದ ಅಕ್ಕರೆ ಹಗಲಿನ ಬಯಲು ಬೆಳಕಿನಲ್ಲಿ ಅರಳಿದುದು. ನಾಗರಾಜನ್ ಅವರೂ ಮೊದಲಿಗೆ ಆ ದಾರಿಯವರೇ. ಖುಷ್ವಂತ್ ಸಿಂಗ್ ಅವರು ಸಂಪಾದಕರಾಗಿದ್ದ 'ಯೋಜನಾ' ಪತ್ರಿಕೆಗಾಗಿ ದೇಶವನ್ನು ಸುತ್ತಿದವರು. ಆದರೆ ಕಾಲಾಂತರದಲ್ಲಿ ಅವರ ಕ್ಯಾಮರಾ ಬೀದಿಯನ್ನು ಬಿಟ್ಟು ಹೊಸ್ತಿಲನ್ನು ದಾಟಿತು. ನೂರು ವರ್ಷಕ್ಕೂ ಮಿಗಿಲಾಗಿ ಬಾಳಿದ ಮನೆಗಳ ಒಳಭಾಗವನ್ನು, ಅವು ಕೆಡಹಲ್ಪಡುವ ಮೊದಲು, ರಾಜ್ಯದಿಂದ ರಾಜ್ಯಕ್ಕೆ ಹೋಗಿ ಚಿತ್ರಿಸುವ ಕಾರ್ಯಕ್ಕೆ ಅವರು ತಮ್ಮ ಆಯುಷ್ಯದ ದೊಡ್ಡ ಪಾಲನ್ನು ಸಲ್ಲಿಸಿದರು. 'ವ್ಯಾನಿಷಿಂಗ್ ಹೋಮ್ಸ್ ಆಫ್ ಇಂಡಿಯಾ' ಎಂಬ ಹೆಸರಿನ ಆ ಚಿತ್ರಸಂಚಯವು ಇಂದು ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾಕೇಂದ್ರದಲ್ಲಿದೆ.

ಹಳೆಯ ಮನೆಯ ಒಳಗೆ ಚಿತ್ರ ತೆಗೆಯುವುದೆಂದರೇನೆಂದು ಸ್ವಲ್ಪ ಯೋಚಿಸಿ. ನಮ್ಮ ಹಿರಿಯರು ಕಟ್ಟಿದ ಮನೆಗಳಿಗೆ ಬೆಳಕು ಬೇಕಾದದ್ದು ಹದವಾಗಿ ಮಾತ್ರ; ಬಿಸಿಲನ್ನು ಅಂಗಳದಲ್ಲಿಯೇ ತಡೆದು, ಜಗಲಿಯಲ್ಲಿ ಅದರ ಉಗ್ರತೆಯನ್ನು ಕಳೆದು, ನಡುಮನೆಗೆ ಕೇವಲ ಅದರ ಸೌಮ್ಯಾಂಶವನ್ನು ಬಿಟ್ಟುಕೊಳ್ಳುವುದು ಆ ವಾಸ್ತುವಿನ ಮರ್ಮ. ಹಂಚಿನ ನಡುವೆ ಕೂರಿಸಿದ ಗಾಜಿನ ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ಇಳಿದರೆ ಅದೇ ಆ ಕೋಣೆಯ ಗಡಿಯಾರ. ಬಯಲಿನ ಬಿಸಿಲಿಗೂ ಜಗಲಿಯ ನೆರಳಿಗೂ ಸುಮಾರು ಎಂಟು ಪಾಲು ಅಂತರವಿರುತ್ತದೆಂದು ಕ್ಯಾಮರಾದ ಲೆಕ್ಕ ಹೇಳುತ್ತದೆ. ನಡುಮನೆ ದಾಟಿ ದೇವರ ಕೋಣೆಯನ್ನೋ ಅಡುಗೆಮನೆಯನ್ನೋ ಸೇರುವಷ್ಟರಲ್ಲಿ ಅದು ನೂರು ಪಾಲಿಗೂ ಮಿಗಿಲಾಗುವುದುಂಟು. ಮನುಷ್ಯನ ಕಣ್ಣು ಕ್ಷಣಕಾಲ ತಡೆದು ಎಲ್ಲವನ್ನೂ ಹೊಂದಿಸಿಕೊಳ್ಳುತ್ತದೆ. ಫಿಲ್ಮಿಗೆ ಆ ಸಾಮರ್ಥ್ಯವಿಲ್ಲ. ಬಾಗಿಲಾಚೆಯ ಅಂಗಳವನ್ನು ಉಳಿಸಿಕೊಂಡರೆ ಒಳಗೆ ಕುಳಿತ ಅಜ್ಜಿ ಕತ್ತಲಾಗುತ್ತಾಳೆ. ಅಜ್ಜಿಯನ್ನು ಉಳಿಸಿಕೊಂಡರೆ ಅಂಗಳ ಬೆಳ್ಳಗೆ ಸುಟ್ಟುಹೋಗುತ್ತದೆ. ಇಲ್ಲಿ ಅವಸರದ ಛಾಯಾಗ್ರಾಹಕನು ಫ್ಲ್ಯಾಶನ್ನು ಹಚ್ಚುತ್ತಾನೆ. ಹಚ್ಚಿದೊಡನೆ ಎಲ್ಲವೂ ಕಾಣಿಸುತ್ತದೆ; ಆದರೆ ಯಾವ ಹದವನ್ನು ಸಾಧಿಸುವುದಕ್ಕಾಗಿ ಆ ಮನೆಯನ್ನು ಕಟ್ಟಿದರೋ ಆ ಹದ ಅಳಿಸಿಹೋಗಿ, ನೂರು ವರ್ಷದ ನಡುಮನೆಗೂ ನಿನ್ನೆ ಕಟ್ಟಿದ ಅಂಗಡಿಗೂ ಒಂದೇ ಮುಖ ಬಂದುಬಿಡುತ್ತದೆ.

ನಾಗರಾಜನ್ ಅವರು ಆ ಮನೆಗಳಲ್ಲಿ ಒಳಗೆ ತಾನಾಗಿ ಬರುವ ಬೆಳಕನ್ನೇ ನೆಚ್ಚಿದರು. ಅವರ ಕಪ್ಪು-ಬಿಳುಪಿನ ಚಿತ್ರಗಳಲ್ಲಿ ಕಂಬದ ಒಂದು ಮಗ್ಗುಲು ಮಾತ್ರ ಹೊಳೆಯುತ್ತದೆ, ಇನ್ನೊಂದು ಮಗ್ಗುಲು ಕತ್ತಲೆಗೆ ಸಲ್ಲುತ್ತದೆ. ನೆಲದ ನಯವು ಬಾಗಿಲಿನ ಕಡೆಯಿಂದ ಬಂದ ಬೆಳಕನ್ನು ಕನ್ನಡಿಯಂತೆ ಹಿಡಿದು ಮೇಲಿನ ತೊಲೆಗೆ ಮುಟ್ಟಿಸುತ್ತದೆ. ಮನೆಯವರು ಆ ಬೆಳಕಿನಲ್ಲಿ ಕುಳಿತಿರುವುದು ಚಿತ್ರಕ್ಕಾಗಿ ಕುಳಿತಂತಲ್ಲ, ಅದು ಅವರ ನಿತ್ಯದ ಸ್ಥಾನ. ನೆರಳನ್ನು ಓಡಿಸಬೇಕಾದ ಶತ್ರುವೆಂದು ತಿಳಿಯದೆ, ಅದನ್ನೂ ಮನೆಯ ಒಬ್ಬ ಸದಸ್ಯನೆಂದು ಗಣಿಸಿ ಅದಕ್ಕೆ ಸಲ್ಲಬೇಕಾದ ಜಾಗವನ್ನು ಬಿಟ್ಟುಕೊಟ್ಟುದರಲ್ಲಿ ಅವರ ಕಲೆಯ ಹಿರಿಮೆ ಇದೆಯೆಂದು ನಾನು ಭಾವಿಸುತ್ತೇನೆ. ಸಂಡೂರಿನ ಎಂ. ವೈ. ಘೋರ್ಪಡೆಯವರು, ರಾಜ್ಯದ ಹಣಕಾಸಿನ ಮಂತ್ರಿಗಳಾಗಿದ್ದೂ ಕಾಡಿನ ಕಪ್ಪು-ಬಿಳುಪು ಚಿತ್ರಗಳಲ್ಲಿ ಮಗ್ನರಾಗಿದ್ದ ಆ ಅಪೂರ್ವ ವ್ಯಕ್ತಿ, 1983ರಲ್ಲಿ ತಮ್ಮ ವನ್ಯಜೀವಿಚಿತ್ರಗಳ ಗ್ರಂಥವನ್ನು ಹೊರತಂದಾಗ ಅದರ ಹೆಸರಿನಲ್ಲಿ ಬಿಸಿಲನ್ನೂ ನೆರಳನ್ನೂ ಜೊತೆಯಾಗಿಯೇ ಇರಿಸಿದರು. ಅದೇ ವಿವೇಕವನ್ನು ಅಲ್ಲಿಯೂ ಕಾಣುತ್ತೇನೆ.

ಸಹಜ ಬೆಳಕೆಂದರೆ ಕೈಕಟ್ಟಿ ಕುಳಿತು ಸೂರ್ಯನ ಕೃಪೆಗೆ ಕಾಯುವುದೆಂದು ಯಾರೂ ತಿಳಿಯಬಾರದು. ಸತ್ಯನ್ ಅವರು ಹುಟ್ಟಿದ 1923ರಲ್ಲಿಯೇ, ಅದೇ ಮೈಸೂರಿನಲ್ಲಿ, ಅವರಿಗಿಂತ ಕೆಲವೇ ವಾರ ಮೊದಲು ಹುಟ್ಟಿದ ಚಲನಚಿತ್ರ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರನ್ನು ಇಲ್ಲಿ ನೆನೆಯಬೇಕು. ಗುರುದತ್ತರ 'ಕಾಗಜ್ ಕೇ ಫೂಲ್' ಚಿತ್ರದಲ್ಲಿ, 1959ರಷ್ಟು ಹಿಂದೆ, ಖಾಲಿ ಸ್ಟುಡಿಯೋದ ಕತ್ತಲೆಯ ನಡುವೆ ಮೇಲಿನಿಂದ ಓರೆಯಾಗಿ ಇಳಿಯುವ ಆ ಬೆಳಕಿನ ಸ್ತಂಭ ಚಿತ್ರರಸಿಕರಿಗೆಲ್ಲ ಪರಿಚಿತವಷ್ಟೆ. ದೀಪಗಳ ಕಿರಣಗಳು ಚದರಿಹೋಗುವುದರಿಂದ ಅವುಗಳಿಂದ ಅಂಥ ಸಮಾನಾಂತರವಾದ ಪ್ರಭೆಯನ್ನು ಪಡೆಯಲಾಗದೆಂದು ಕಂಡು, ಮೂರ್ತಿಯವರು ಹೊರಗಿನ ಬಿಸಿಲಿಗೆ ಒಂದು ದೊಡ್ಡ ಕನ್ನಡಿಯನ್ನು ಹಿಡಿಸಿ, ಅದರಿಂದ ಒಳಗೆ ಹಾರಿಬಂದ ಬೆಳಕನ್ನು ಮೇಲಿರಿಸಿದ ಇನ್ನೊಂದು ಕನ್ನಡಿಯಿಂದ ಕೆಳಗಿಳಿಸಿದರು. ಸೂರ್ಯ ಸರಿದಂತೆ ಕನ್ನಡಿಯೂ ಸರಿಯಬೇಕು. ಸಹಜವಾದುದನ್ನು ಪಡೆಯಲು ಎಷ್ಟು ಪರಿಶ್ರಮ! ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರಾದುದು ನಮ್ಮ ನಾಡಿಗೆ ಹೆಮ್ಮೆಯ ಸಂಗತಿ.

ಇನ್ನು ಬಣ್ಣದ ವಿಚಾರ. ಇಲ್ಲಿ ನನಗೆ ಎದುರಾಗಿ ನಿಲ್ಲುವ ವಾದವೊಂದಿದೆ, ಮತ್ತು ಅದನ್ನು ಹೂಡಿದವರು ಸಾಮಾನ್ಯರಲ್ಲ. ರಘುಬೀರ್ ಸಿಂಗ್ ಅವರು, ಕೊಡಾಕ್ರೋಮ್ ಫಿಲ್ಮಿನಲ್ಲಿ ಗಂಗೆಯನ್ನೂ ರಾಜಸ್ಥಾನವನ್ನೂ ಅಮರಗೊಳಿಸಿದ ಆ ಮಹನೀಯರು, 1998ರ ತಮ್ಮ ಗ್ರಂಥಕ್ಕೆ 'ರಿವರ್ ಆಫ್ ಕಲರ್' ಎಂದು ಹೆಸರಿಟ್ಟು, ಭಾರತೀಯನ ದೃಷ್ಟಿಗೆ ವರ್ಣವೇ ಸ್ವಭಾವ, ಕಪ್ಪು-ಬಿಳುಪು ಪಶ್ಚಿಮದ ವಿಷಾದದಿಂದ ಬಂದದ್ದು ಎಂಬ ಅಭಿಪ್ರಾಯವನ್ನು ಮಂಡಿಸಿದರು. ರಾಜಸ್ಥಾನದ ಮರಳಿನ ಮೇಲೆ ನಿಂತವರಿಗೆ ಅದು ಸತ್ಯ. ಬಣ್ಣವಿಲ್ಲದ ನೆಲದ ಮೇಲೆ ಮನುಷ್ಯನು ಕೆಂಪು ಮುಂಡಾಸನ್ನೂ ಹಳದಿಯ ಓಢಣಿಯನ್ನೂ ಧರಿಸಿ ಬಣ್ಣವನ್ನು ತಾನೇ ಸೃಷ್ಟಿಸಿಕೊಳ್ಳುತ್ತಾನೆ. ಆದರೆ ಅವರನ್ನು ಆಷಾಢದಲ್ಲಿ ಜೋಯಿಡಾದ ಘಟ್ಟಕ್ಕೆ ಕರೆತಂದು ನಿಲ್ಲಿಸಿದ್ದರೆ ಏನೆನ್ನುತ್ತಿದ್ದರೋ ಎಂದು ನನಗೆ ಕುತೂಹಲ. ಇಲ್ಲಿ ನೆಲವೇ ಬಣ್ಣದಿಂದ ತುಂಬಿದೆ. ಆದರೆ ಅದಕ್ಕೆ ಕಿರುಚುವ ಅಭ್ಯಾಸವಿಲ್ಲ. ಭಾರತದಲ್ಲಿ ಹರಿಯುವ ಬಣ್ಣದ ನದಿ ಒಂದೇ ಅಲ್ಲವೆಂದೂ, ಕಾಳಿಯ ಬಣ್ಣ ಗಂಗೆಯದಲ್ಲವೆಂದೂ ವಿನಯಪೂರ್ವಕವಾಗಿ ಹೇಳಬೇಕಾಗಿದೆ.

ಮಂದವರ್ಣವೆಂದರೆ ಬಣ್ಣದ ದಾರಿದ್ರ್ಯವಲ್ಲ. ಚೈತ್ರದ ಮಧ್ಯಾಹ್ನ ಕುಳಗಿಯ ಕಾಡಿನ ದಾರಿಯಲ್ಲಿ ನಿಂತು ನೋಡಿದರೆ ಎಲೆಯ ಮೇಲ್ಮೈಯೆಲ್ಲ ಬಿಸಿಲಿಗೆ ಮಿರುಗಿ ಬೆಳ್ಳಗಾಗಿರುತ್ತದೆ. ಅದರ ಹಸಿರು ಆ ಮಿರುಗಿನ ಕೆಳಗೆ ಅಡಗಿರುತ್ತದೆ. ಮೋಡ ಕವಿದು, ಆಕಾಶವೆಲ್ಲ ಒಂದೇ ದೊಡ್ಡ ದೀಪವಾಗಿ, ಬೆಳಕು ಎಲ್ಲ ದಿಕ್ಕಿನಿಂದಲೂ ಸಮನಾಗಿ ಇಳಿದಾಗಲೇ ಸಾಗವಾನಿಯ ಹಸಿರು ಬೇರೆ, ಮತ್ತಿಯ ಹಸಿರು ಬೇರೆ, ಬಿದಿರಿನದು ಬೇರೆ ಎಂಬುದು ಕಣ್ಣಿಗೆ ಬೀಳುತ್ತದೆ. ಚಿರೇಕಲ್ಲಿನ ಗೋಡೆಯೂ ಹಾಗೆಯೇ: ಬಿಸಿಲಿನಲ್ಲಿ ಕಿತ್ತಳೆಯಂತೆ ಕಣ್ಣಿಗೆ ರಾಚುವ ಅದೇ ಕಲ್ಲು ನಾಲ್ಕು ಮಳೆ ಕುಡಿದ ಮೇಲೆ ಒಣಗಿದ ರಕ್ತಚಂದನದ ಗಾಂಭೀರ್ಯವನ್ನು ತಳೆದು, ಸಂದಿನಲ್ಲಿ ಹಾವಸೆಯ ಕಡುಹಸಿರನ್ನು ಧರಿಸಿ ನಿಲ್ಲುತ್ತದೆ. ಸಂಜೆಯಾಗುತ್ತ ಬಂದಂತೆ ಮೊದಲು ಕಪ್ಪಾಗುವುದು ಈ ಕೆಂಪೇ. ಹಸಿರೂ ನೀಲಿಯೂ ಇನ್ನೂ ಕೆಲಕಾಲ ಉಳಿಯುತ್ತವೆ. ಬೆಳಕು ಕುಂದಿದಾಗ ಕಣ್ಣು ಕೆಂಪನ್ನು ಮೊದಲು ಬಿಟ್ಟುಕೊಡುವ ಈ ಸ್ವಭಾವವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಪುರ್ಕಿಂಜೆ ಎಂಬ ಚೆಕ್ ವಿಜ್ಞಾನಿ ಗಮನಿಸಿ ಬರೆದಿಟ್ಟನು. ಕ್ಯಾಮರಾಕ್ಕೆ ಈ ಸ್ವಭಾವವಿಲ್ಲ. ಮುಸ್ಸಂಜೆಯಲ್ಲಿಯೂ ಅದು ಕೆಂಪನ್ನು ಕೆಂಪಾಗಿಯೇ ಹಿಡಿದುಕೊಡುತ್ತದೆ. ಆದಕಾರಣ ಮುಸ್ಸಂಜೆಯನ್ನು ನಾವು ಕಂಡಂತೆ ಕಾಣಿಸಬೇಕೆನ್ನುವ ಛಾಯಾಗ್ರಾಹಕನು ಮುದ್ರಣಕಾಲದಲ್ಲಿ ಆ ಕೆಂಪನ್ನು ತಾನೇ ತಗ್ಗಿಸಬೇಕಾಗುತ್ತದೆ. ವರ್ಣವನ್ನು ಮಂದಗೊಳಿಸುವುದು ಕೆಲವೊಮ್ಮೆ ಅಲಂಕಾರವಲ್ಲ, ಯಥಾರ್ಥಕ್ಕೆ ಹಿಂದಿರುಗುವುದು.

ಮುಂಡಗೋಡದ ಸೋದರರು ಇದನ್ನು ನಿತ್ಯವೂ ನೋಡುತ್ತಾರೆ. 1966ರಲ್ಲಿ ಅಲ್ಲಿ ನೆಲೆಗೊಂಡ ಟಿಬೆಟನ್ ವಸಾಹತಿನಲ್ಲಿ, ಡ್ರೆಪುಂಗ್, ಗಾಂದೆನ್ ಮಠಗಳ ಭಿಕ್ಷುಗಳು ಮಳೆಯ ಬೆಳಗಿನಲ್ಲಿ ಸಾಲಾಗಿ ನಡೆಯುವಾಗ ಅವರ ಉಡುಪಿನ ಬಣ್ಣ ಮಾಗಿದ ನೇರಳೆಗೂ ಇಟ್ಟಿಗೆಗೂ ನಡುವೆ ಎಲ್ಲಿಯೋ ನಿಂತ ಒಂದು ಶಾಂತವಾದ ಬಣ್ಣ. ಅದೇ ಸಾಲು ಇಂದು ಸಹಸ್ರಾರು ಮೊಬೈಲುಗಳಲ್ಲಿ ಸೆರೆಯಾದಾಗ ಅಗ್ನಿಶಾಮಕ ಬಂಡಿಯ ಕೆಂಪಾಗಿ ಹೊರಬರುತ್ತದೆ. ವೈರಾಗ್ಯದ ಬಟ್ಟೆಯನ್ನು ಉತ್ಸವದ ಬಟ್ಟೆಯಾಗಿ ಮಾರ್ಪಡಿಸಿದ ಯಂತ್ರವನ್ನು ನಾನು ದೂರುವುದಿಲ್ಲ. ಯಂತ್ರ ಕೊಟ್ಟುದನ್ನು ಪ್ರಶ್ನಿಸದೆ ಸ್ವೀಕರಿಸುವ ನಮ್ಮ ಕಣ್ಣಿನ ಆಲಸ್ಯ ನನ್ನನ್ನು ನೋಯಿಸುತ್ತದೆ.

ಹಳಿಯಾಳ ತಾಲೂಕಿನ ಒಂದು ಸಿದ್ದಿ ಕೇರಿಯಲ್ಲಿ ನಾನು ಕಂಡ ಒಂದು ಕೌದಿಯ ವಿಚಾರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಸಿದ್ದಿ ಹೆಂಗಸರ ಕೌದಿಗಳು ಇಂದು ದೇಶವಿದೇಶಗಳ ಪ್ರದರ್ಶನಗಳಿಗೆ ಹೋಗಿವೆ. ಹರಿದ ಸೀರೆ, ಸವೆದ ಅಂಗಿ, ಮಕ್ಕಳ ಲಂಗ, ಇವುಗಳ ತುಂಡುಗಳನ್ನು ಹೊರ ಅಂಚಿನಿಂದ ಹೊಲಿಯಲಾರಂಭಿಸಿ, ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ ಹೂವುಗಳನ್ನು ಕೂರಿಸದೆ ಕೌದಿ ಪೂರ್ಣವಾಯಿತೆನ್ನುವುದಿಲ್ಲ. ನಾನು ಕಂಡ ಕೌದಿಯಲ್ಲಿ ಒಂದು ಮಾವಿನೆಲೆಯ ಹಸಿರಿತ್ತು, ಒಂದು ಅರಿಸಿನವಿತ್ತು, ಒಂದು ಗುಲಾಬಿ ಇತ್ತು. ಆದರೆ ಹೊಳೆಯಲ್ಲಿ ಒಗೆದು ಒಗೆದು, ಬೇಲಿಯ ಮೇಲೆ ಒಣಗಿ ಒಣಗಿ, ಪ್ರತಿಯೊಂದೂ ತನ್ನ ಮೊದಲಿನ ಅಬ್ಬರವನ್ನು ಕಳೆದುಕೊಂಡು, ಒಂದರ ಪಕ್ಕದಲ್ಲೊಂದು ಜಗಳವಿಲ್ಲದೆ ಇರಲು ಕಲಿತಿತ್ತು. ಅಂಗಡಿಯಿಂದ ತಂದ ಹೊಸ ಬಟ್ಟೆಯ ತುಂಡುಗಳಿಂದ ಹೊಲಿದಿದ್ದರೆ ಆ ಹೊಂದಿಕೆ ಬರುತ್ತಿರಲಿಲ್ಲ. ನನ್ನೊಡನೆ ಬಂದಿದ್ದ ತರುಣ ಛಾಯಾಗ್ರಾಹಕರು ಕೌದಿಯನ್ನು ಅಂಗಳದ ಬಿಸಿಲಿಗೆ ಹಾಸಿ ಒಂದು ಚಿತ್ರವನ್ನೂ, ಹಲಸಿನ ಮರದಡಿಯ ನೆರಳಿಗೆ ಎಳೆದು ಒಂದು ಚಿತ್ರವನ್ನೂ ತೆಗೆದರು. ಬಿಸಿಲಿನ ಚಿತ್ರದಲ್ಲಿ ಗುಲಾಬಿಯೂ ಅರಿಸಿನವೂ ಎದ್ದು ಕಂಡವು, ಹೊಲಿಗೆ ಮರೆಯಾಯಿತು. ನೆರಳಿನ ಚಿತ್ರದಲ್ಲಿ ಬಣ್ಣಗಳು ಹಿಂದೆ ಸರಿದು, ಉದ್ದಕ್ಕೂ ಓಡುವ ಸಣ್ಣ ಸಣ್ಣ ಟಾಕುಗಳ ಸಾಲು, ಒಂದೊಂದು ಟಾಕಿನ ಬಳಿ ಬಟ್ಟೆ ತಗ್ಗಿ ಉಬ್ಬಿದ ಅಲೆ, ಹೊಲಿದವಳ ಕೈ ಎಲ್ಲಿ ನಿಂತು ಮತ್ತೆ ಹೊರಟಿತೆಂಬುದರ ಗುರುತು, ಎಲ್ಲವೂ ಮೇಲೆದ್ದು ಬಂದಿತು. ಅದನ್ನು ಹೊಲಿದ ತಾಯಿ ಎರಡನ್ನೂ ಕ್ಯಾಮರಾದ ಹಿಂಬದಿಯಲ್ಲಿ ನೋಡಿ, ನೆರಳಿನದನ್ನು ಬೆರಳಿನಿಂದ ಮುಟ್ಟಿ ತೋರಿಸಿದರು.

ಈ ಕೇರಿಯ ಮಾತು ಬಂದುದರಿಂದ ಇನ್ನೊಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಇಲ್ಲಿ ಬೆಳಕಿನ ಪ್ರಶ್ನೆಯು ನ್ಯಾಯದ ಪ್ರಶ್ನೆಯೂ ಆಗುತ್ತದೆ. ಕ್ಯಾಮರಾದ ಬೆಳಕುಮಾಪಕವು ಲೋಕದ ಸಕಲ ವಸ್ತುಗಳನ್ನೂ ಒಂದು ನಡುಬೂದಿ ಬಣ್ಣವೆಂದು, ಬಿದ್ದ ಬೆಳಕಿನ ಶೇಕಡಾ 18ನ್ನು ಮರಳಿಸುವ ಬೂದಿಯೆಂದು, ಊಹಿಸಿ ಲೆಕ್ಕ ಹಾಕುತ್ತದೆ. ಬಣ್ಣದ ಫಿಲ್ಮು ತಯಾರಾದ ದೇಶದಲ್ಲಂತೂ ಚರ್ಮದ ಬಣ್ಣ ಸರಿಯಾಗಿ ಮೂಡಿತೇ ಎಂದು ಪರೀಕ್ಷಿಸಲು ಕೊಡಕ್ ಸಂಸ್ಥೆಯು ಪ್ರಯೋಗಶಾಲೆಗಳಿಗೆ ಹಂಚುತ್ತಿದ್ದ ಮಾದರಿಯಲ್ಲಿ, ಶರ್ಲಿ ಕಾರ್ಡೆಂದು ಹೆಸರಾದ ಆ ಚಿತ್ರದಲ್ಲಿ, ದಶಕಗಳ ಕಾಲ ಇದ್ದವಳು ಬಿಳಿಯ ಹೆಂಗಸು. ಕಪ್ಪು ಮೈಬಣ್ಣದವರ ಮುಖ ಆ ಫಿಲ್ಮಿನಲ್ಲಿ ಕಣ್ಣು-ಹಲ್ಲುಗಳಾಗಿ ಮಾತ್ರ ಉಳಿಯುತ್ತಿತ್ತು. ಅದು ಸುಧಾರಿಸಲಾರಂಭಿಸಿದುದೂ ಮನುಷ್ಯರ ದೂರಿನಿಂದಲ್ಲ; ಚಾಕೊಲೇಟು ತಯಾರಕರೂ ಮರದ ಪೀಠೋಪಕರಣದವರೂ ತಮ್ಮ ಸರಕಿನ ಕಂದುಬಣ್ಣಗಳ ಭೇದ ಜಾಹೀರಾತಿನಲ್ಲಿ ಕಾಣುತ್ತಿಲ್ಲವೆಂದು ಆಕ್ಷೇಪಿಸಿದ್ದರಿಂದ ಎಂದು ಆ ಚರಿತ್ರೆಯನ್ನು ಬಲ್ಲವರು ದಾಖಲಿಸಿದ್ದಾರೆ. ಇದನ್ನು ಓದಿದಾಗ ನನಗಾದ ವ್ಯಥೆ ಇನ್ನೂ ಆರಿಲ್ಲ.

ಆಫ್ರಿಕದಿಂದ ಶತಮಾನಗಳ ಹಿಂದೆ ಈ ತೀರಕ್ಕೆ ತರಲ್ಪಟ್ಟು, ಈ ಕಾಡುಗಳನ್ನು ಹೊಕ್ಕು, ಕನ್ನಡವನ್ನೂ ಕೊಂಕಣಿಯನ್ನೂ ತಮ್ಮದಾಗಿಸಿಕೊಂಡು ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತಗಳಲ್ಲಿ ಬಾಳುತ್ತಿರುವ ನಮ್ಮ ಸಿದ್ದಿ ಬಂಧುಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅವರ ಚಿತ್ರಗಳನ್ನು ತೆಗೆಯಲು ಬರುವವರು ಬಹುಮಂದಿ. ನಡುಹಗಲಿನಲ್ಲಿ ಅಂಗಳಕ್ಕೆ ಕರೆದು ನಿಲ್ಲಿಸಿ, ನೆತ್ತಿಯ ಬಿಸಿಲಿನಲ್ಲಿ ಹಣೆಯ ಮೇಲೊಂದು ಬಿಳಿಯ ಹೊಳಪು, ಕಣ್ಣಿರುವಲ್ಲಿ ಎರಡು ಕತ್ತಲ ಗುಳಿ, ಇಷ್ಟನ್ನೇ ಒಯ್ಯುವವರೂ ಬಹುಮಂದಿ. ಅದೇ ವ್ಯಕ್ತಿಯನ್ನು ಜಗಲಿಯ ಅಂಚಿಗೆ ಕೂರಿಸಿ, ಮುಖವನ್ನು ಬಯಲಿನ ಕಡೆಗೆ ಒಂದಿಷ್ಟು ತಿರುಗಿಸಿ, ಆಕಾಶದ ಬೆಳಕು ಕೆನ್ನೆಯನ್ನು ಓರೆಯಾಗಿ ಮುಟ್ಟುವಂತೆ ಮಾಡಿ, ಮಾಪಕವನ್ನು ಅಂಗಳಕ್ಕಲ್ಲದೆ ಆ ಮುಖಕ್ಕೇ ಹಿಡಿದು ಲೆಕ್ಕ ತೆಗೆದರೆ, ಆ ಕಪ್ಪಿನೊಳಗೆ ತಾಮ್ರ, ಜೇನು, ಕಾಡುನೇರಳೆ ಮೊದಲಾದ ಎಷ್ಟೋ ಛಾಯೆಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಇದಕ್ಕೆ ಬೇಕಾದುದು ಬೆಲೆಬಾಳುವ ಸಲಕರಣೆಯಲ್ಲ. ಐದು ನಿಮಿಷ ಎದುರು ಕುಳಿತು ಆ ಮುಖವನ್ನು ನೋಡುವ ಸೌಜನ್ಯ.

ಪ್ರವಾಸಿಗಳಿಗಾಗಿ ಅಚ್ಚಾಗುವ ದಾಂಡೇಲಿಯ ಚಿತ್ರಗಳ ಬಗ್ಗೆ ಹೆಚ್ಚು ಹೇಳಲಾರೆ. ಗಿಳಿಹಸಿರಿನ ಕಾಡು, ಮಸಿನೀಲಿಯ ನದಿ, ಕೆಂಡದ ಸೂರ್ಯಾಸ್ತ ಇವುಗಳ ನಡುವೆ ನಮ್ಮ ಊರನ್ನು ಗುರುತಿಸುವುದು ಕಷ್ಟ. ಕಾರಖಾನೆಯ ಹೊಗೆ, ಕಾಳಿಯ ಮಂಜು, ಸಾಗವಾನಿಯ ಎಲೆಯುದುರಿದ ಮಾಘದ ಬೂದು ಬೆಟ್ಟಗಳು, ಇವೆಲ್ಲ ದಾಂಡೇಲಿಯೇ ಅಲ್ಲವೆ?

ಇಷ್ಟು ಹೇಳಿದ ಮೇಲೆ ನನ್ನ ಮನಸ್ಸು ಸೂಪಾಕ್ಕೆ ಹೋಗುತ್ತದೆ. ಕಾಳೀ ಮತ್ತು ಪಾಂಡ್ರಿ ಕೂಡುವಲ್ಲಿ ಇದ್ದ ಆ ಊರು, ತಾಲೂಕಿಗೇ ತನ್ನ ಹೆಸರನ್ನು ಕೊಟ್ಟಿದ್ದ ಊರು, ಗಣೇಶಗುಡಿಯಲ್ಲಿ 101 ಮೀಟರಿನ ಅಣೆಕಟ್ಟು ಎದ್ದಾಗ ನೀರಿನಲ್ಲಿ ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಬಂದವು, ಜನ ಚದರಿದರು. ವಿದ್ಯುತ್ತು ನಾಡಿಗೆ ಬೇಕಾಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾಗರಾಜನ್ ಅವರು ಹಳೆಯ ಮನೆಗಳ ಬಾಗಿಲು ತಟ್ಟುತ್ತ ದೇಶ ಸುತ್ತಿದಂತೆ ಯಾರಾದರೊಬ್ಬರು ಆ ಊರಿನ ಮನೆಮನೆಯ ಒಳಗೆ ಟ್ರೈಪಾಡನ್ನು ಊರಿ, ಆ ಜಗಲಿಗಳ ಮೇಲೆ ಬೆಳಗಿನ ಹೊತ್ತು ಬೀಳುತ್ತಿದ್ದ ಬೆಳಕನ್ನು, ಆ ಅಡುಗೆಮನೆಗಳ ಮಾಡಿನ ಸಂದಿನಿಂದ ಹೊಗೆಯನ್ನು ಸೀಳಿ ಇಳಿಯುತ್ತಿದ್ದ ಬಿಸಿಲುಕೋಲನ್ನು ಕ್ರಮವಾಗಿ ಹಿಡಿದಿಟ್ಟಿದ್ದರೆ, ಪುನರ್ವಸತಿಯ ಕಾಲನಿಗಳಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ಹಿರಿಯರು ತೋರಿಸಲು ಎಷ್ಟೋ ಇರುತ್ತಿತ್ತು. ನಕ್ಷೆ ಇದೆ, ಸರ್ವೇ ನಂಬರಿದೆ, ಪರಿಹಾರದ ಕಾಗದವಿದೆ. ಯಾವ ದಾಖಲೆಯಲ್ಲಿಯೂ ಬೆಳಕಿನ ಲೆಕ್ಕವಿರುವುದಿಲ್ಲ.

ಜೋಯಿಡಾದ ಕುಣಬಿ ಹಳ್ಳಿಗಳಲ್ಲಿ, ಗೌಳಿಗಳ ದಡ್ಡಿಗಳಲ್ಲಿ, ಉಳವಿಯ ದಾರಿಯ ಊರುಗಳಲ್ಲಿ ಮಣ್ಣಿನ ಗೋಡೆಯ, ಸೆಗಣಿ ಸಾರಿಸಿದ ನೆಲದ ಮನೆಗಳು ಇನ್ನೂ ಉಳಿದಿವೆ. ಆದರೆ ವರ್ಷವರ್ಷವೂ ಅವುಗಳ ಮೇಲೆ ತಗಡು ಏರುತ್ತಿದೆ, ಗೋಡೆಗೆ ಸಿಮೆಂಟು ಬರುತ್ತಿದೆ. ಭದ್ರವಾದ ಮನೆ ಎಲ್ಲರಿಗೂ ಬೇಕು, ಅದು ಅವರ ಹಕ್ಕು. ಅದಕ್ಕೆ ಮೊದಲು ಮಾಡಬೇಕಾದ ಕೆಲಸವೊಂದನ್ನು ಈ ದತ್ತಿಯ ಹಿರಿಯರ ಮುಂದೆ ಬಿನ್ನವಿಸುತ್ತೇನೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳ ಕಾಲೇಜುಗಳಿಂದ ಆಸಕ್ತಿಯುಳ್ಳ ಹುಡುಗ ಹುಡುಗಿಯರನ್ನು ಆರಿಸಿ, ಒಂದು ಊರಿಗೆ ಇಬ್ಬರಂತೆ, ಆ ಊರಿನವರೇ ಆದರೆ ಮೇಲು, ಈ ಮನೆಗಳ ಒಳಭಾಗವನ್ನು ಚಿತ್ರಿಸುವ ಕೆಲಸವನ್ನು ಅವರಿಗೆ ವಹಿಸಬೇಕು. ಫ್ಲ್ಯಾಶು ಕೂಡದು. ಒಂದೇ ಕೋಣೆಯನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮತ್ತು ಮಳೆಗಾಲದಲ್ಲೊಮ್ಮೆ ಬೇಸಗೆಯಲ್ಲೊಮ್ಮೆ ತೆಗೆಯಬೇಕು. ಬಣ್ಣವನ್ನು ಕಂಪ್ಯೂಟರಿನಲ್ಲಿ ಏರಿಸಬಾರದು. ಸಂಶಯ ಬಂದರೆ ಮುದ್ರಿಸಿದ ಪ್ರತಿಯನ್ನು ಅದೇ ಗೋಡೆಗೆ ಒರಗಿಸಿಟ್ಟು ಹೋಲಿಸಬೇಕು. ಮನೆಯವರ ಒಪ್ಪಿಗೆಯಿಲ್ಲದೆ ಒಂದು ಚಿತ್ರವನ್ನೂ ಹೊರಗೆ ಕೊಡಬಾರದು, ಪ್ರತಿಯೊಂದು ಮನೆಗೂ ಒಂದು ಒಳ್ಳೆಯ ಪ್ರತಿಯನ್ನು ಚೌಕಟ್ಟು ಹಾಕಿಸಿ ಮುಟ್ಟಿಸಬೇಕು. ಮುಂದಿನ ವರ್ಷದ ದತ್ತಿ ಉಪನ್ಯಾಸದ ವೆಚ್ಚವನ್ನು ಉಳಿಸಿ ಈ ಕೆಲಸದ ಮೊದಲ ಕಂತಾಗಿ ವಿನಿಯೋಗಿಸಿದರೂ ಆಗಬಹುದೆಂದು ನನಗೆ ತೋರುತ್ತದೆ. ಇಂದಿನ ಸಂಭಾವನೆಯನ್ನು ಅದಕ್ಕೇ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ; ಆ ಚಿತ್ರಗಳನ್ನು ಈ ಸಭಾಂಗಣದ ಗೋಡೆಗಳ ಮೇಲೆ ತೂಗುಹಾಕುವ ದಿನ ನೀವು ಕರೆದರೆ ತಪ್ಪದೆ ಬರುತ್ತೇನೆ.